‘ಅನುಭವಿಸಲಿ ಬಿಡಿ’ ಅನ್ನುವ ಮುಂಚೆ: ಬ್ರಿಟನ್ನಿನ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಬ್ರಿಟನ್ನಿನಲ್ಲಿರುವ ಕನ್ನಡದ ಗೆಳೆಯ ಗೆಳತಿಯರೇ,

ಯುಗಾದಿ ಊಟದ ಹೊತ್ತಿನಲ್ಲಿ ಕೇಳಿದ ಒಂದು ಮಾತು ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ಹೋಳಿಗೆ ಬಡಿಸುತ್ತಿದ್ದರು. ಯಾರೋ ಫೋನಿನಲ್ಲಿ ಒಂದು ಹಳೇ ವಿಡಿಯೋ ತೋರಿಸಿದರು. ಲಂಡನ್ನಿನ ರಸ್ತೆಯಲ್ಲಿ ಟ್ರ್ಯಾಕ್ಟರುಗಳ ಸಾಲು, ಹಾರನ್ನಿನ ಸದ್ದು. ನನ್ನೆದುರು ಕೂತಿದ್ದ ಅಣ್ಣ ಒಬ್ಬರು ನೋಡಿ ನಕ್ಕರು. “ಬ್ರೆಕ್ಸಿಟ್‌ಗೆ ಓಟು ಹಾಕಿದ್ದು ಇವರೇ ಅಲ್ವಾ? ಅನುಭವಿಸಲಿ ಬಿಡಿ” ಅಂದರು. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ಆ ಟ್ರ್ಯಾಕ್ಟರುಗಳು ಬಂದಿದ್ದು ಪಿತ್ರಾರ್ಜಿತ ಜಮೀನಿನ ಮೇಲಿನ ತೆರಿಗೆ ವಿಚಾರಕ್ಕೆ, ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಂದ ಬ್ರೆಕ್ಸಿಟ್‌ಗಲ್ಲ. ಅದೂ ಅಲ್ಲಿ ಯಾರಿಗೂ ಬೇಕಿರಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಹಬ್ಬದ ದಿನ ಜಗಳ ಯಾಕೆ ಅಂತ ಸುಮ್ನೆ ತುಪ್ಪ ಹಾಕಿಕೊಂಡು ತಿಂದೆ.

ಆವತ್ತು ನುಂಗಿಕೊಂಡ ಮಾತನ್ನು ಈಗ ಬರೆಯುತ್ತಿದ್ದೇನೆ.

ನಾನು ಹೆರೆಫರ್ಡ್‌ಶೈರ್‌ನಲ್ಲಿ ಲೆಕ್ಕ ಬರೆಯುವವಳು. ನನ್ನ ಗಿರಾಕಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ರೈತರು. ಕುರಿಯವರು, ದನದವರು, ಸೇಬಿನ ತೋಟದವರು, ಸ್ಟ್ರಾಬೆರಿಯವರು. ನಮ್ಮ ತವರು ಹಾಸನ ಜಿಲ್ಲೆ, ಆಲೂಗಡ್ಡೆ ಬೆಳೆಯುವ ಮನೆ. ಹಾಗಾಗಿ ರೈತರ ಲೆಕ್ಕ ಪುಸ್ತಕ ತೆರೆದರೆ ನನಗೆ ಅಂಕಿ ಮಾತ್ರ ಕಾಣುವುದಿಲ್ಲ. ಮಳೆ ಯಾವಾಗ ಕೈ ಕೊಟ್ಟಿತು, ಮಗಳ ಮದುವೆ ಯಾವ ವರ್ಷ ಆಯಿತು, ಅದೂ ಕಾಣುತ್ತದೆ. ಗಿರಾಕಿಗಳ ಹೆಸರು, ಊರು ಹೇಳುವುದಿಲ್ಲ. ಅದು ನನ್ನ ಕೆಲಸದ ನಿಯಮ.

ಮೊದಲು ಲೆಕ್ಕದ ಮಾತು. 2016ರ ಜೂನ್ 23ರಂದು ನಡೆದ ಬ್ರೆಕ್ಸಿಟ್ ಮತದಾನದಲ್ಲಿ ಐರೋಪ್ಯ ಒಕ್ಕೂಟ ಬಿಡೋಣ ಅಂದವರು 51.9 ಶೇಕಡಾ, ಇರೋಣ ಅಂದವರು 48.1. ಓಟಿನಲ್ಲಿ ಹೇಳಿದರೆ ಬಿಡೋಣ ಅಂದವರು ಸುಮಾರು 1 ಕೋಟಿ 74 ಲಕ್ಷ. ಎರಡೂ ಕಡೆಯ ಅಂತರ 12 ಲಕ್ಷಕ್ಕೂ ಹೆಚ್ಚು. ಈ ಇಡೀ ದೇಶದಲ್ಲಿ ರೈತರು, ಮನೆಯವರು, ಕೂಲಿಯವರು ಎಲ್ಲ ಸೇರಿಸಿ ಹೊಲದಲ್ಲಿ ದುಡಿಯುವವರು 5 ಲಕ್ಷದೊಳಗೆ. ಅಷ್ಟೂ ಜನ ‘ಬಿಡೋಣ’ ಅಂತ ಹಾಕಿದ್ದರು ಅಂತಲೇ ಇಟ್ಟುಕೊಳ್ಳಿ. ಅಷ್ಟೂ ಜನ ಮನಸ್ಸು ಬದಲಿಸಿ ಆ ಕಡೆಯಿಂದ ಈ ಕಡೆಗೆ ಬಂದಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ. ಬೇಕಾದರೆ ಕೂಡಿಸಿ ಕಳೆದು ನೋಡಿ.

ಅವರೆಲ್ಲ ಹಾಗೆ ಹಾಕಿಯೂ ಇರಲಿಲ್ಲ. ಆ ವರ್ಷ ಏಪ್ರಿಲ್‌ನಲ್ಲಿ ರಾಷ್ಟ್ರೀಯ ರೈತ ಒಕ್ಕೂಟದ ಮಂಡಳಿ, ಅಂದರೆ ಇಲ್ಲಿನ ದೊಡ್ಡ ರೈತ ಸಂಘ ಎನ್‌ಎಫ್‌ಯು, ಸದ್ಯ ಗೊತ್ತಿರುವುದನ್ನೆಲ್ಲ ತೂಗಿ ನೋಡಿದರೆ ಒಕ್ಕೂಟದಲ್ಲಿ ಇರುವುದೇ ರೈತರಿಗೆ ಒಳ್ಳೆಯದು ಅಂತ ನಿರ್ಣಯ ಮಾಡಿತು. ಆದರೆ ಪ್ರಚಾರಕ್ಕೆ ಇಳಿಯಲಿಲ್ಲ. ಯಾಕೆ? ತನ್ನ ಸದಸ್ಯರೇ ಎರಡು ಭಾಗ ಆಗಿದ್ದಾರೆ ಅಂತ ಅದಕ್ಕೆ ಗೊತ್ತಿತ್ತು. ಅದೇ ತಿಂಗಳು ‘ಫಾರ್ಮರ್ಸ್ ವೀಕ್ಲಿ’ ಪತ್ರಿಕೆ ಓದುಗ ರೈತರನ್ನು ಕೇಳಿದಾಗ 58 ಶೇಕಡಾ ಬಿಡೋಣ ಅಂದರು, 31 ಶೇಕಡಾ ಇರೋಣ ಅಂದರು, ಉಳಿದವರು ತೀರ್ಮಾನ ಮಾಡಿರಲಿಲ್ಲ. ಸಂಘದ ಮುಖಂಡರು ಒಂದು ಕಡೆ, ಹಟ್ಟಿಯಲ್ಲಿರುವವರು ಇನ್ನೊಂದು ಕಡೆ. ಸರ್ಕಾರದ ಒಳಗೂ ಅದೇ ಕಥೆ. ಕೃಷಿ ಖಾತೆ ನೋಡುತ್ತಿದ್ದ ಸಂಪುಟ ಮಂತ್ರಿ ಲಿಜ್ ಟ್ರಸ್ ಇರೋಣ ಅಂದರು. ಅವರ ಕೈಕೆಳಗಿನ ಕೃಷಿ ಸಚಿವ, ಕಾರ್ನ್‌ವಾಲ್‌ನ ಹಣ್ಣಿನ ತೋಟದ ಮನೆಯಿಂದ ಬಂದ ಜಾರ್ಜ್ ಯೂಸ್ಟಿಸ್, ಬಿಡೋಣ ಅಂದರು. ಒಂದೇ ಇಲಾಖೆ, ಎರಡು ಬಾಯಿ.

ಬಿಡೋಣ ಅಂದವರು ದಡ್ಡರು, ಪತ್ರಿಕೆ ಓದಿ ಮೋಸ ಹೋದವರು ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ನನ್ನ ಮೇಜಿನ ಎದುರು ಕೂತು ಮಾತಾಡಿದವರ ಕಥೆ ಬೇರೆ.

ವೇಲ್ಸ್ ಗಡಿಯ ಬೆಟ್ಟದಲ್ಲಿ ಕುರಿ ಸಾಕುವ ಒಬ್ಬರಿದ್ದಾರೆ. ಅರವತ್ತು ದಾಟಿದೆ. ಅವರ ಲೆಕ್ಕದಲ್ಲಿ ಐರೋಪ್ಯ ಒಕ್ಕೂಟದ ಸಬ್ಸಿಡಿ ತೆಗೆದರೆ ಕೊನೆಗೆ ಉಳಿಯುತ್ತಿದ್ದದ್ದು ನಷ್ಟ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಬಿಡೋಣ ಅಂತ ಹಾಕಿದರು. ಕಾರಣ ಕೇಳಿದರೆ ಕುರಿಯ ಕಿವಿ ಓಲೆಯಿಂದ ಶುರು ಮಾಡುತ್ತಾರೆ. 2010ರಿಂದ ಕುರಿಗಳಿಗೆ ಎಲೆಕ್ಟ್ರಾನಿಕ್ ಗುರುತಿನ ಓಲೆ ಕಡ್ಡಾಯ ಆಯಿತು. ಕುರಿ ಮುಳ್ಳುಬೇಲಿಗೆ ತಲೆ ತೂರಿಸುತ್ತದೆ, ಓಲೆ ಕಿತ್ತು ಬೀಳುತ್ತದೆ. ತಪಾಸಣೆಯವರು ಬಂದ ದಿನ ಲೆಕ್ಕ ತಾಳೆ ಆಗದಿದ್ದರೆ ಸಬ್ಸಿಡಿಯಲ್ಲಿ ಕಡಿತ. “ನನ್ನ ಕುರಿ ನನಗೆ ಮುಖ ನೋಡಿದರೆ ಗೊತ್ತಾಗುತ್ತೆ. ಒಕ್ಕೂಟದ ಕಚೇರಿಯಲ್ಲಿ ಕೂತ ಬ್ರಸೆಲ್ಸ್‌ನವರಿಗೆ ಓಲೆ ಬೇಕು” ಅನ್ನುತ್ತಾರೆ. ಈ ಮಾತು ನನಗೆ ಹೊಸದೇನಲ್ಲ. ಪಹಣಿಯಲ್ಲಿ ಬೆಳೆ ತಪ್ಪು ಬಿದ್ದಿದೆ, ಅದಕ್ಕೇ ಪರಿಹಾರ ಬಂದಿಲ್ಲ ಅಂತ ನನ್ನ ತಮ್ಮ ಕಚೇರಿ ಅಲೆದದ್ದು ಎಷ್ಟು ಸಲವೋ. ಹೊಲದಲ್ಲಿ ಆಲೂಗಡ್ಡೆ, ಕಾಗದದಲ್ಲಿ ಜೋಳ. ಯಾವುದು ನಿಜ? ಕಾಗದವೇ ನಿಜ.

ಇನ್ನೊಬ್ಬ ಹುಡುಗ. ಗೇಣಿಗೆ ಹೊಲ ಮಾಡುತ್ತಾನೆ, ಸ್ವಂತದ್ದು ಅಂತ ಒಂದು ಗುಂಟೆಯೂ ಇಲ್ಲ. ಅವನೂ ಬಿಡೋಣ ಅಂದವನು, ಆದರೆ ಅವನ ಕಾರಣವೇ ಬೇರೆ. ಆ ಸಬ್ಸಿಡಿ ಕೊಡುತ್ತಿದ್ದದ್ದು ಜಮೀನಿನ ಅಳತೆಯ ಮೇಲೆ. ಇಂಗ್ಲೆಂಡಿನ ಬಯಲು ಜಮೀನಿಗೆ ಹೆಕ್ಟೇರಿಗೆ ಸುಮಾರು 230 ಪೌಂಡ್. ಏನು ಬೆಳೆದೆ, ಎಷ್ಟು ಬೆಳೆದೆ ಅನ್ನುವ ಪ್ರಶ್ನೆ ಇಲ್ಲ. ಜಮೀನು ಜಾಸ್ತಿ ಇದ್ದರೆ ದುಡ್ಡೂ ಜಾಸ್ತಿ. ಅದರಿಂದ ಗೇಣಿಯೂ ಏರಿತು. “ದುಡ್ಡು ನನ್ನ ಖಾತೆಗೆ ಬರುತ್ತೆ, ಗೇಣಿಯಾಗಿ ಧಣಿಯ ಖಾತೆಗೆ ಹೋಗುತ್ತೆ. ಇದು ರೈತರಿಗೆ ಕೊಡುವ ಸಬ್ಸಿಡಿನಾ, ಭೂಮಿಗೆ ಕೊಡೋದಾ?” ಅಂತ ಅವನು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಒಕ್ಕೂಟದ ಬಜೆಟ್ಟಿನಲ್ಲಿ ಸುಮಾರು 40 ಶೇಕಡಾ ನುಂಗುತ್ತಿದ್ದ ಈ ಕೃಷಿ ನೀತಿಯಲ್ಲಿ ಹುಳುಕು ಇತ್ತು. ಒಂದು ಕಾಲಕ್ಕೆ ಮಾರಾಟವಾಗದೆ ಉಳಿದ ಬೆಣ್ಣೆಯ ಗುಡ್ಡ ಒಟ್ಟಿಕೊಂಡು, ಆಮೇಲೆ ಹಾಲು ಜಾಸ್ತಿ ಕರೆಯಬೇಡಿ ಅಂತ 1984ರಿಂದ 2015ರವರೆಗೆ ಕೋಟಾ ಹಾಕಿದ್ದೂ ಇದೇ ನೀತಿ. 2015ರಲ್ಲಿ ಇನ್ನೊಂದು ನಿಯಮ ಬಂತು. 30 ಹೆಕ್ಟೇರಿಗಿಂತ ಜಾಸ್ತಿ ಉಳುಮೆ ಭೂಮಿ ಇದ್ದರೆ ಮೂರು ಬೆಳೆ ಬೆಳೆಯಲೇಬೇಕು. ಬೆಳೆ ಬದಲಿಸುವುದು ಒಳ್ಳೆಯದೇ. ಆದರೆ ಯಾವ ಹೊಲಕ್ಕೆ ಏನು ಒಗ್ಗುತ್ತದೆ ಅಂತ ಉಳುವವನನ್ನು ಕೇಳಬೇಕಲ್ವಾ?

ಮೂರನೆಯವರು ಸ್ಟ್ರಾಬೆರಿಯವರು. ಹಸಿರು ಹುಲ್ಲಿನ ನಡುವೆ ಬಿಳಿ ಪಾಲಿಟನಲ್‌ಗಳ ಸಾಲು, ನೀವೂ ಕಾರಿನಲ್ಲಿ ಹೋಗುವಾಗ ನೋಡಿರುತ್ತೀರಿ. ಹಣ್ಣು ಕೀಳುತ್ತಿದ್ದವರು ಬಲ್ಗೇರಿಯಾದವರು, ರೊಮೇನಿಯಾದವರು. ಹಣ್ಣು ಕಾಯುವುದಿಲ್ಲ. ಇವತ್ತು ಕೀಳದಿದ್ದರೆ ನಾಳೆಗೆ ಅದು ತಿಪ್ಪೆಗೆ. ಇವರು ಸಬ್ಸಿಡಿ ಬಗ್ಗೆ ಮಾತೇ ಆಡಲಿಲ್ಲ. ಅವರಿಗೆ ಅದು ಬರುತ್ತಿದ್ದದ್ದೇ ಅಷ್ಟಕ್ಕಷ್ಟೆ. ಕೈಗಳು ಬೇಕು, ಅದಕ್ಕೇ ಇರೋಣ ಅಂದರು. ಹೆರೆಫರ್ಡ್‌ಶೈರ್‌ನಲ್ಲಿ 59 ಶೇಕಡಾ ಜನ ಬಿಡೋಣ ಅಂದರು. ಮಾರನೇ ದಿನ ತೋಟದಲ್ಲಿ ಹಣ್ಣು ಕೀಳುತ್ತಿದ್ದ ಹೆಂಗಸರ ಮುಖ ನೋಡಲು ಕಷ್ಟ ಆಯಿತು ಅಂತ ಅವರು ಹೇಳಿದ್ದು ನೆನಪಿದೆ.

ಈ ಮೂವರೂ ಅವರವರ ಹೊಲದಲ್ಲಿ ನಿಂತು ನೋಡಿದರೆ ಸರಿಯೇ. ಇದು ಅರ್ಥ ಆಗಬೇಕಾದರೆ ನಮ್ಮ ಹಾಸನ ಜಿಲ್ಲೆಯನ್ನೇ ತೆಗೆದುಕೊಳ್ಳಿ. 2019ರ ನವೆಂಬರ್‌ನಲ್ಲಿ, ನ್ಯೂಜಿಲೆಂಡ್ ಸೇರಿ ಹಲವು ದೇಶಗಳ ಆರ್‌ಸಿಇಪಿ ವ್ಯಾಪಾರ ಒಪ್ಪಂದಕ್ಕೆ ಸೇರುವುದಿಲ್ಲ ಅಂತ ಭಾರತ ಹೊರಗೆ ಬಂತಲ್ಲ, ಆಗ ಚನ್ನರಾಯಪಟ್ಟಣದ ಕಡೆ ಡೇರಿಗೆ ಹಾಲು ಹಾಕುವವರಿಗೆ ಉಸಿರು ಬಂದಂತಾಯಿತು. ನ್ಯೂಜಿಲೆಂಡಿನ ಹಾಲಿನ ಪುಡಿ ಬಂದರೆ ನಮ್ಮ ಗತಿ ಏನು ಅನ್ನುವ ಭಯ ಅವರಿಗೆ. ಅದೇ ಜಿಲ್ಲೆಯ ಸಕಲೇಶಪುರದ ಕಾಫಿ ಬೆಳೆಗಾರ ಏನನ್ನುತ್ತಾನೆ? ಅವನ ಕಾಫಿ ಇಟಲಿಗೆ, ಜರ್ಮನಿಗೆ ಹೋಗಬೇಕು. ಹೊರದೇಶದ ಬಾಗಿಲು ತೆರೆದಷ್ಟೂ ಅವನಿಗೆ ಒಳ್ಳೆಯದು. ಆದರೆ ಅದೇ ತೋಟದಲ್ಲಿ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಇದೆ. ವಿಯೆಟ್ನಾಂ, ಶ್ರೀಲಂಕಾ ಕಡೆಯಿಂದ ಮೆಣಸು ಬಂದು ಬೆಲೆ ಬಿದ್ದಾಗ ಅವನೇ ಬಾಗಿಲು ಹಾಕಿ ಅನ್ನುತ್ತಾನೆ. ಒಂದೇ ತೋಟ, ಒಬ್ಬನೇ ರೈತ. ಕೆಳಗೆ ಕಾಫಿ ಒಂದು ಓಟು, ಮೇಲೆ ಮೆಣಸು ಇನ್ನೊಂದು ಓಟು! ಅವನನ್ನು ನಾವು ದಡ್ಡ ಅನ್ನುತ್ತೇವಾ?

ಈಗ ‘ಇವರೇ ಓಟು ಹಾಕಿದ್ದು’ ಅನ್ನುವ ಮಾತಿಗೆ ಬರುತ್ತೇನೆ. ಇದು ಸ್ವಲ್ಪ ಚುಚ್ಚಬಹುದು, ಬೇಜಾರು ಮಾಡಿಕೊಳ್ಳಬೇಡಿ.

2016ರಲ್ಲಿ ಇಲ್ಲಿದ್ದ ಬಲ್ಗೇರಿಯಾದವರಿಗೆ, ರೊಮೇನಿಯಾದವರಿಗೆ, ಪೋಲೆಂಡಿನವರಿಗೆ ಆ ಓಟು ಇರಲಿಲ್ಲ. ನಮಗೆ ಇತ್ತು. ಕಾಮನ್‌ವೆಲ್ತ್ ದೇಶದವರು ಅನ್ನುವ ಕಾರಣಕ್ಕೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಇಲ್ಲಿ ವಾಸ ಇದ್ದ ನಾವೆಲ್ಲ ಓಟು ಹಾಕಿದೆವು. ಸ್ಟ್ರಾಬೆರಿ ಕೀಳುವವರ ಹಣೆಬರಹ ಬರೆಯಲು ನಮಗೆ ಪೆನ್ಸಿಲ್ ಕೊಟ್ಟರು, ಅವರಿಗೆ ಕೊಡಲಿಲ್ಲ. ನಾನು ಇರೋಣ ಅಂತ ಹಾಕಿದೆ. ನಮ್ಮ ಮನೆಯವರು ಬಿಡೋಣ ಅಂತ ಹಾಕಿದರು. ಯುರೋಪಿನವರು ಬರುವುದು ನಿಂತರೆ ನಮ್ಮವರಿಗೆ ವೀಸಾ ಸುಲಭ ಆಗುತ್ತದೆ ಅನ್ನುವುದು ಅವರ ಲೆಕ್ಕ. ಒಕ್ಕೂಟ ಬಿಟ್ಟರೆ ಕರಿ ಹೌಸ್‌ಗಳಿಗೆ ನಮ್ಮ ಕಡೆಯಿಂದ ಅಡುಗೆಯವರನ್ನು ಕರೆಸಬಹುದು ಅಂತ ಬಿಡೋಣ ಅನ್ನುವ ಕಡೆ ಇದ್ದ ಮಂತ್ರಿ ಪ್ರೀತಿ ಪಟೇಲ್ ಅವರೂ ಆಗ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಎರಡು ದಿನ ಮಾತಿಲ್ಲ. ಮೂರನೇ ದಿನ ಗ್ಯಾಸ್ ಬಿಲ್ ಬಂತು, ಮಾತು ಶುರು ಆಯಿತು.

ಆ ಲೆಕ್ಕ ಪೂರ್ತಿ ಸುಳ್ಳಾಗಲಿಲ್ಲ ಅನ್ನುವುದೇ ವಿಚಿತ್ರ. 2021ರ ಜನವರಿಯಲ್ಲಿ ಹೊಸ ಅಂಕ ಪದ್ಧತಿಯ ವೀಸಾ ಬಂದ ಮೇಲೆ ಭಾರತದಿಂದ ಬಂದವರು ಜಾಸ್ತಿಯಾದರು. ಆ ಯುಗಾದಿ ಪಂಕ್ತಿಯಲ್ಲಿ ಕೂತಿದ್ದವರಲ್ಲಿ ಅರ್ಧ ಜನ ಅದಾದ ಮೇಲೆ ಬಂದವರು. ನರ್ಸುಗಳು, ಸಾಫ್ಟ್‌ವೇರಿನವರು, ಓದಲು ಬಂದು ಉಳಿದವರು. ಬ್ರೆಕ್ಸಿಟ್‌ನಿಂದ ಏನಾದರೂ ಸಿಕ್ಕಿದ್ದರೆ ಅದರಲ್ಲಿ ಒಂದು ಪಾಲು ನಮ್ಮ ಎಲೆಗೇ ಬಿದ್ದಿದೆ. ಆ ಎಲೆಯ ಮುಂದೆ ಕೂತು ಕುರಿಯವನಿಗೆ ‘ಅನುಭವಿಸಲಿ’ ಅನ್ನುವುದು ಯಾಕೋ ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಅವರು ಏನು ಅನುಭವಿಸಿದರು ಅಂತ ಕೇಳುತ್ತೀರಾದರೆ, ಕುರಿಯಿಂದಲೇ ಹೇಳುತ್ತೇನೆ. ಈ ದೇಶದ ಕುರಿಮರಿ ಮಾಂಸದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಹೊರಗೆ ಹೋಗುತ್ತದೆ. ಅದರಲ್ಲಿ ಬಹುಪಾಲು ಐರೋಪ್ಯ ಒಕ್ಕೂಟಕ್ಕೆ, ಅದರಲ್ಲೂ ಫ್ರಾನ್ಸಿಗೆ. ಒಪ್ಪಂದ ಇಲ್ಲದೆ ಹೊರಬಿದ್ದಿದ್ದರೆ 40 ಶೇಕಡಾಕ್ಕೂ ಮೇಲೆ ಸುಂಕ ಬೀಳುತ್ತಿತ್ತು. 2020ರ ಕ್ರಿಸ್‌ಮಸ್ ಹಿಂದಿನ ದಿನ ಒಪ್ಪಂದ ಆಯಿತು, ಸುಂಕ ತಪ್ಪಿತು. ಆದರೆ ಕಾಗದ ತಪ್ಪಲಿಲ್ಲ. ಹೊರಗೆ ಹೋಗುವ ಮಾಂಸದ ಜೊತೆಗೆ ಪಶುವೈದ್ಯರು ಸಹಿ ಹಾಕಿದ ಆರೋಗ್ಯ ಪತ್ರ ಬೇಕು. ಬ್ರಸೆಲ್ಸ್‌ನ ಕಾಗದ ಸಾಕಪ್ಪಾ ಅಂತ ಓಟು ಹಾಕಿದವರಿಗೆ ಎರಡರಷ್ಟು ಕಾಗದ ಬಂತು. ತಮಾಷೆ ಅಂದರೆ ಆ ಕಡೆಯಿಂದ ಇಲ್ಲಿಗೆ ಬರುವ ಮಾಲಿಗೆ ತಪಾಸಣೆಯನ್ನು ನಮ್ಮ ಸರ್ಕಾರ ಮತ್ತೆ ಮತ್ತೆ ಮುಂದೂಡಿ 2024ರಲ್ಲಿ ಶುರು ಮಾಡಿತು. ಅಲ್ಲಿವರೆಗೆ ಅವರಿಗೆ ಬಾಗಿಲು ತೆರೆದೇ ಇತ್ತು.

ನನ್ನ ಹೊಟ್ಟೆ ಉರಿಸಿದ್ದು ಬಿತ್ತನೆ ಆಲೂಗಡ್ಡೆ ವಿಚಾರ. ಸ್ಕಾಟ್ಲೆಂಡಿನ ತಂಪು ಹವೆಯಲ್ಲಿ ರೋಗ ಕಮ್ಮಿ, ಹಾಗಾಗಿ ಅಲ್ಲಿನ ಬಿತ್ತನೆ ಗಡ್ಡೆಗೆ ದೊಡ್ಡ ಹೆಸರು. 2021ರ ಜನವರಿಯಿಂದ ಅದು ಐರೋಪ್ಯ ಒಕ್ಕೂಟಕ್ಕೆ ಹೋಗುವ ಹಾಗಿಲ್ಲ. ಸುಂಕ ಕಟ್ಟುತ್ತೇನೆ ಅಂದರೂ ಇಲ್ಲ, ಪೂರ್ತಿ ಬಂದ್. ಹಾಸನದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಬಿತ್ತನೆ ಗಡ್ಡೆ ಬರುವುದು ಪಂಜಾಬಿನ ಜಲಂಧರ್‌ನಿಂದ. ಮುಂಗಾರಿಗೆ ಮುಂಚೆ ಎಪಿಎಂಸಿ ಯಾರ್ಡಿನಲ್ಲಿ ಲಾರಿ ಬಂತಾ, ಗಡ್ಡೆ ಗಟ್ಟಿ ಇದೆಯಾ, ಈ ಸಲ ಅಂಗಮಾರಿ ಬರುತ್ತಾ ಅನ್ನುವುದೇ ನಮ್ಮ ಅಪ್ಪನ ವರ್ಷದ ಲೆಕ್ಕಾಚಾರ. ಒಂದು ಬೆಳಿಗ್ಗೆ ಎದ್ದು ಜಲಂಧರ್‌ನ ಗಡ್ಡೆ ಕರ್ನಾಟಕಕ್ಕೆ ಬರುವಂತಿಲ್ಲ ಅಂದರೆ ಹೇಗಿರುತ್ತದೆ? ಅಲ್ಲಿ ಮಾರುವವನೂ ಹಾಳು, ಇಲ್ಲಿ ಬಿತ್ತುವವನೂ ಹಾಳು. ಸ್ಕಾಟ್ಲೆಂಡಿನಲ್ಲಿ 62 ಶೇಕಡಾ ಜನ ಇರೋಣ ಅಂದಿದ್ದರು ಅನ್ನುವುದನ್ನೂ ‘ಅನುಭವಿಸಲಿ’ ಅನ್ನುವವರು ನೆನಪಿಡಬೇಕು.

2021ರ ಕೊನೆಯಲ್ಲಿ ಕಸಾಯಿಖಾನೆಗಳಲ್ಲಿ ಕೆಲಸದವರು ಸಾಲದೆ ಹಂದಿಗಳು ಫಾರ್ಮಿನಲ್ಲೇ ಉಳಿದವು. ಕೊನೆಗೆ ಹತ್ತಾರು ಸಾವಿರ ಆರೋಗ್ಯವಂತ ಹಂದಿಗಳನ್ನು ಕೊಂದು ಎಸೆದರು. ಅದರಲ್ಲಿ ಕೋವಿಡ್ ಪಾಲೂ ಇತ್ತು, ಎಲ್ಲವನ್ನೂ ಬ್ರೆಕ್ಸಿಟ್ ತಲೆಗೆ ಕಟ್ಟುವುದಿಲ್ಲ. ಸ್ಟ್ರಾಬೆರಿ ತೋಟಕ್ಕೆ ಈಗ ಆರು ತಿಂಗಳ ವೀಸಾ ಮೇಲೆ ಕಿರ್ಗಿಸ್ತಾನ್, ಉಜ್ಬೇಕಿಸ್ತಾನ್ ಕಡೆಯವರು ಬರುತ್ತಾರೆ. 2019ರಲ್ಲಿ 2,500 ಇದ್ದ ಈ ವೀಸಾಗಳ ಮಿತಿ ಈಗ 40 ಸಾವಿರ ದಾಟಿದೆ. ಹೊರಗಿನವರು ಬೇಡ ಅಂತ ಶುರುವಾದದ್ದು ಇನ್ನೂ ದೂರದವರು ಬೇಕು ಅನ್ನುವಲ್ಲಿಗೆ ಬಂತು.

ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಒಪ್ಪಂದಗಳು 2023ರ ಮೇ 31ರಿಂದ ಜಾರಿಗೆ ಬಂದವು. ದನದ ಮಾಂಸಕ್ಕೂ ಕುರಿ ಮಾಂಸಕ್ಕೂ ಹಂತ ಹಂತವಾಗಿ ಬಾಗಿಲು ತೆರೆಯಿತು. ಬದಲಿಗೆ ಇಲ್ಲಿನ ರೈತನಿಗೆ ಸಿಕ್ಕಿದ್ದು ಅಷ್ಟಕ್ಕಷ್ಟೆ. ಬಿಡೋಣ ಅಂದಿದ್ದ ಅದೇ ಯೂಸ್ಟಿಸ್, ಮಂತ್ರಿಗಿರಿ ಹೋದ ಮೇಲೆ, 2022ರ ನವೆಂಬರ್‌ನಲ್ಲಿ ಸಂಸತ್ತಿನಲ್ಲಿ ನಿಂತು ಆಸ್ಟ್ರೇಲಿಯಾ ಒಪ್ಪಂದ ನಿಜಕ್ಕೂ ಅಷ್ಟೇನೂ ಒಳ್ಳೆಯ ಒಪ್ಪಂದವಲ್ಲ ಅಂದರು. ಮೊದಲೇ ಹೇಳಬಹುದಿತ್ತು. ಇನ್ನು ನಮ್ಮ ದೇಶದ ಜೊತೆ 2025ರ ಜುಲೈ 24ರಂದು ಸಹಿ ಆದ ಒಪ್ಪಂದದಲ್ಲಿ ಭಾರತ ಹಾಲಿನ ಪದಾರ್ಥ, ಸೇಬು ಎರಡನ್ನೂ ಹೊರಗೆ ಇಟ್ಟಿತು. ನಮ್ಮ ಹೈನುಗಾರರ ದೃಷ್ಟಿಯಿಂದ ನನಗೆ ಖುಷಿ ಆಯಿತು. ಮಾರನೇ ದಿನ ಸೇಬಿನ ತೋಟದ ಗಿರಾಕಿ ಬಂದು “ನಿಮ್ಮ ದೇಶ ತನ್ನ ರೈತರನ್ನು ಕಾಯ್ದುಕೊಂಡಿತು, ನಮ್ಮದು ಯಾಕೆ ಹಾಗೆ ಮಾಡಲ್ಲ?” ಅಂದಾಗ ಕಾಫಿ ಮಾಡಿಕೊಟ್ಟೆ, ಅಷ್ಟೆ.

ಸಬ್ಸಿಡಿಯ ಕಥೆಯನ್ನು ಲೆಕ್ಕದವಳಾಗಿ ಹೇಳಲೇಬೇಕು. ಬ್ರಸೆಲ್ಸ್‌ನಿಂದ ಬರುತ್ತಿದ್ದ ವರ್ಷಕ್ಕೆ ಸುಮಾರು 300 ಕೋಟಿ ಪೌಂಡ್ ಜಾಗದಲ್ಲಿ ನಾವೇ ಕೊಡುತ್ತೇವೆ ಅಂತ ಇಲ್ಲಿನ ಸರ್ಕಾರದವರು ಅಂದರು. ಜಮೀನಿನ ಅಳತೆಗಲ್ಲ, ಮಣ್ಣು, ನೀರು, ಬೇಲಿ ಸಾಲು ಕಾಪಾಡಿದರೆ ದುಡ್ಡು ಅಂದರು. ಆ ಗೇಣಿ ಹುಡುಗ ಕುಣಿದಾಡಿದ. ನನಗೂ ಇದು ಹಳೆಯದಕ್ಕಿಂತ ಒಳ್ಳೆಯ ವಿಚಾರ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಇಂಗ್ಲೆಂಡಿನಲ್ಲಿ ಹಳೆಯ ಹಣವನ್ನು 2021ರಿಂದ ವರ್ಷ ವರ್ಷ ಇಳಿಸುತ್ತಾ ಬಂದರು. 2025ರಲ್ಲಿ ಯಾರಿಗೂ 7,200 ಪೌಂಡಿಗಿಂತ ಜಾಸ್ತಿ ಇಲ್ಲ. ಅದೇ ವರ್ಷ ಮಾರ್ಚ್ 11ರಂದು, ಹೊಸ ಯೋಜನೆಯ ಮುಖ್ಯ ಬಾಗಿಲಾದ ಸಸ್ಟೈನಬಲ್ ಫಾರ್ಮಿಂಗ್ ಇನ್ಸೆಂಟಿವ್, ಅಂದರೆ ಎಸ್‌ಎಫ್‌ಐಗೆ ಅರ್ಜಿ ಹಾಕುವುದನ್ನು ಮುನ್ಸೂಚನೆ ಇಲ್ಲದೆ ನಿಲ್ಲಿಸಿದರು. ಹುಡುಗನ ಅರ್ಜಿ ನನ್ನ ಕಂಪ್ಯೂಟರಿನಲ್ಲಿ ಮುಕ್ಕಾಲು ತುಂಬಿ ಕೂತಿತ್ತು. ವೇಲ್ಸ್‌ನಲ್ಲಿ ಬೇರೆ ಯೋಜನೆ, ಬೇರೆ ಜಗಳ. ಜಮೀನಿನ ಹತ್ತನೇ ಒಂದು ಭಾಗದಲ್ಲಿ ಮರ ಇರಬೇಕು ಅಂದಾಗ ರೈತರು ತಿರುಗಿಬಿದ್ದರು. 2024ರ ಮಾರ್ಚ್‌ನಲ್ಲಿ ಕಾರ್ಡಿಫ್‌ನ ಶಾಸನಸಭೆಯ ಮೆಟ್ಟಿಲ ಮೇಲೆ 5,500 ಜೊತೆ ಗಮ್‌ಬೂಟು ತಂದಿಟ್ಟರು, ಹೋಗಲಿರುವ ಒಂದೊಂದು ಕೆಲಸಕ್ಕೆ ಒಂದೊಂದು ಜೊತೆ ಅಂತ. ಆಮೇಲೆ ಆ ಷರತ್ತನ್ನು ಕೈಬಿಟ್ಟರು.

ಹಾಗಂತ ಎಲ್ಲ ಮುಳುಗಿ ಹೋಯಿತು ಅಂತಲೂ ಅಲ್ಲ. ಇತ್ತೀಚೆಗೆ ಕುರಿ, ದನಕ್ಕೆ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆ ಇದೆ. ಬೆಟ್ಟದ ಅಜ್ಜ ಹೋದ ವರ್ಷ ಲಾಭದ ಲೆಕ್ಕ ನೋಡಿ ತಾವೇ ನಂಬಲಿಲ್ಲ. ಬ್ರೆಕ್ಸಿಟ್ ಬಗ್ಗೆ ಪಶ್ಚಾತ್ತಾಪ ಇದೆಯಾ ಅಂತ ಕೇಳಿದೆ. ಇಲ್ಲ ಅಂದರು. ಗೇಣಿ ಹುಡುಗನನ್ನು ಕೇಳಿದೆ. ಬಿಟ್ಟದ್ದು ಸರಿ, ಬಿಟ್ಟ ಮೇಲೆ ನಡೆಸಿದ ರೀತಿ ಸರಿಯಿಲ್ಲ ಅಂದ. ಸ್ಟ್ರಾಬೆರಿಯವರು ಉತ್ತರವನ್ನೇ ಕೊಡಲಿಲ್ಲ.

ಈಗ ಯಾಕೆ ಇದನ್ನೆಲ್ಲ ಎತ್ತಿದೆ ಅಂದರೆ, ಇನ್ನೊಂದು ತೀರ್ಮಾನ ಬರುವುದರಲ್ಲಿದೆ. 2025ರ ಮೇ 19ರಂದು ಲಂಡನ್ನಿನಲ್ಲಿ ಸರ್ಕಾರವೂ ಐರೋಪ್ಯ ಒಕ್ಕೂಟವೂ ಕೂತು ಆಹಾರ, ಪ್ರಾಣಿ, ಸಸ್ಯಗಳ ತಪಾಸಣೆ ಬಗ್ಗೆ ಒಪ್ಪಂದ ಮಾಡಿಕೊಳ್ಳೋಣ ಅಂದುಕೊಂಡವು. ಅದಾದರೆ ಕುರಿ ಮಾಂಸದ ಕಾಗದ ಬಹಳಷ್ಟು ಕಮ್ಮಿಯಾಗಬಹುದು, ಸ್ಕಾಟ್ಲೆಂಡಿನ ಬಿತ್ತನೆ ಗಡ್ಡೆಗೆ ಮತ್ತೆ ದಾರಿ ಸಿಗಬಹುದು. ಆದರೆ ಬ್ರಸೆಲ್ಸ್‌ನ ನಿಯಮ ಬದಲಾದ ಹಾಗೆಲ್ಲ ಇಲ್ಲೂ ಬದಲಾಗಬೇಕು. ಗೋಧಿ ಬೆಳೆಯುವ ಕೆಲವರು ಇದಕ್ಕೆ ಒಪ್ಪುವುದಿಲ್ಲ. ಜೀನ್ ತಿದ್ದಿದ ಹೊಸ ತಳಿಗಳಿಗೆ ಇಂಗ್ಲೆಂಡ್ 2023ರಲ್ಲಿ ಕಾನೂನು ಮಾಡಿ ದಾರಿ ಮಾಡಿಕೊಟ್ಟಿದೆ, ಅದು ಕೈತಪ್ಪಿದರೆ ಅನ್ನುವ ಆತಂಕ ಅವರದು. ನೋಡಿ, ಮತ್ತೆ ಎರಡು ಭಾಗ. ಬೆಟ್ಟದ ಅಜ್ಜ ಈ ಸಲ ಯಾವ ಕಡೆ ಗೊತ್ತಾ? ಒಪ್ಪಂದ ಆಗಲಿ ಅನ್ನುವ ಕಡೆ. ಆದರೆ ಕಿವಿ ಓಲೆ ಮಾತ್ರ ಕೇಳಬೇಡಿ ಅನ್ನುತ್ತಾರೆ.

ನಿಮ್ಮ ಊರಿನ ಸಂಸದರು ಈ ಬಗ್ಗೆ ಅಭಿಪ್ರಾಯ ಕೇಳಬಹುದು. ಕೇಳದಿದ್ದರೆ ನೀವೇ ಬರೆಯಿರಿ. ಒಪ್ಪಂದ ಬೇಕು ಅಂತಲೋ ಬೇಡ ಅಂತಲೋ, ಅದು ನಿಮಗೆ ಬಿಟ್ಟದ್ದು. ನಾನು ಬೇಕು ಅಂತ ಬರೆದಿದ್ದೇನೆ. ಬರೆಯುವ ಮುಂಚೆ ನಿಮ್ಮ ಊರಿನ ಹತ್ತಿರ ಇರುವ ಒಬ್ಬ ರೈತರ ಹತ್ತಿರ ಅರ್ಧ ಗಂಟೆ ಮಾತಾಡಿ. ಸಾಧ್ಯವಾದರೆ ಇಬ್ಬರ ಹತ್ತಿರ, ಯಾಕೆಂದರೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪುವುದಿಲ್ಲ.

ಯಾರೂ ಗೊತ್ತಿಲ್ಲ ಅಂದರೆ ನಮ್ಮ ಕಡೆ ಬನ್ನಿ. ಮಾರ್ಚ್, ಏಪ್ರಿಲ್‌ನಲ್ಲಿ ಕುರಿ ಮರಿ ಹಾಕುವ ಕಾಲ. ಬೆಟ್ಟದ ಅಜ್ಜನನ್ನು ಕೇಳಿದ್ದೇನೆ, ಆಗಲಿ ಅಂದಿದ್ದಾರೆ. ಯುಗಾದಿ ಪಂಕ್ತಿಯ ಆ ಅಣ್ಣನಿಗೂ ಈ ಕರೆ ಇದೆ, ಮನಸ್ಸಿಗೆ ಹಚ್ಚಿಕೊಳ್ಳದೆ ಬರಲಿ. ಗಮ್‌ಬೂಟು ತನ್ನಿ, ಎರಡು ಜೊತೆ ಕಾಲುಚೀಲ ತನ್ನಿ. ಮಕ್ಕಳಿಗೆ ಸೀಸೆಯಲ್ಲಿ ಹಾಲು ಕುಡಿಸಲು ಒಂದೆರಡು ತಬ್ಬಲಿ ಮರಿ ಇದ್ದೇ ಇರುತ್ತವೆ. ಊಟಕ್ಕೆ ಪುಳಿಯೋಗರೆ ನಾನು ತರುತ್ತೇನೆ. ಖಾರ ಕಮ್ಮಿ ಹಾಕಿ ಅಂತ ಅಜ್ಜ ಈಗಲೇ ಹೇಳಿಟ್ಟಿದ್ದಾರೆ.

ಇಂತಿ,
ಹೆರೆಫರ್ಡ್‌ಶೈರ್‌ನಿಂದ
ನಿಮ್ಮವಳೇ ಆದ ಒಬ್ಬ ಲೆಕ್ಕದವಳು